ಗುರುವಾರವೇ ಹಗ್ಗ ಬಿಚ್ಚಬೇಕು

ಯೆಲ್ಕಾಗೆ ಹೆದರಿಕೆಯಾಗದ ವಸ್ತು ಈ ಲೋಕದಲ್ಲಿ ಇಲ್ಲವೆಂದೇ ಹೇಳಬೇಕು. ಫೋನು ಗುಣುಗುಟ್ಟಿದರೆ ಹೆದರಿಕೆ, ಗುಣುಗುಟ್ಟದಿದ್ದರೆ ಇನ್ನೂ ಹೆದರಿಕೆ. ಬಸ್ಸಿನಲ್ಲಿ ತನ್ನ ನಿಲ್ದಾಣ ಬಂದರೂ ಎದುರಿಗೆ ನಿಂತವರನ್ನು ಸರಿಯಿರಿ ಎನ್ನಲು ಬಾಯಿ ಬಾರದೆ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಹುಡುಗಿ ಅವಳು. ಡಿಗ್ರಿ ಮುಗಿದು ಎರಡು ವರ್ಷವಾದರೂ ಆ ಸ್ವಭಾವ ಬಿಟ್ಟಿರಲಿಲ್ಲ. ಅಂಥವಳ ಕೈಗೆ ಬಂದು ಬಿದ್ದದ್ದು, ಅಮ್ಮನ ಜೀವವನ್ನು ಲಾಸ್ ಏಂಜಲಿಸ್‌ನಿಂದ ಸಿಯಾಟಲ್‌ಗೆ ಸಾಗಿಸುವ ಕೆಲಸ.

ಅಮ್ಮನ ಜೀವ ಇದ್ದದ್ದು ವಿಂಕೊ ಮಾವನ ಎಲುಬಿನೊಳಗೆ. ಅಮ್ಮ ದೊಬ್ರಿಲಾಳ ರಕ್ತ ಕೆಟ್ಟು ಒಂದು ವರ್ಷವಾಗುತ್ತ ಬಂದಿತ್ತು. ಅವಳ ಎಲುಬಿನ ಮಜ್ಜೆಯನ್ನು ಪೂರ್ತಿ ಸುಟ್ಟು ತೆಗೆದು, ಆ ಜಾಗಕ್ಕೆ ಒಡಹುಟ್ಟಿದ ವಿಂಕೊನ ಮಜ್ಜೆಯನ್ನು ಹಾಕುವುದೊಂದೇ ದಾರಿಯೆಂದು ಸಿಯಾಟಲ್‌ನ ಆಸ್ಪತ್ರೆಯವರು ಹೇಳಿದ್ದರು. ಸುಡುವ ಮದ್ದು ಗುರುವಾರ ಬೆಳಿಗ್ಗೆ ಶುರು. ಶುಕ್ರವಾರ ಸಂಜೆಯೊಳಗೆ ವಿಂಕೊ ಆಸ್ಪತ್ರೆಯಲ್ಲಿರಬೇಕು. ಅವನಿಗೂ ಅಂದಿನಿಂದಲೇ ಸೂಜಿಮದ್ದು. ಒಮ್ಮೆ ಅಮ್ಮನಿಗೆ ಮದ್ದು ಹರಿಯಿತೆಂದರೆ ಹಿಂದಕ್ಕೆ ಬರುವ ದಾರಿಯಿಲ್ಲ ಎಂದು ನರ್ಸ್ ಮೆತ್ತಗಿನ ದನಿಯಲ್ಲೇ ಹೇಳಿದ್ದಳು. ಮೆತ್ತಗೆ ಹೇಳಿದ್ದೇ ಯೆಲ್ಕಾಳ ಎದೆಯೊಳಗೆ ಮುಳ್ಳಿನ ಹಾಗೆ ಉಳಿದಿತ್ತು.

ಸೋಮವಾರದ ತನಕ ವಿಮಾನದ ಮಾತೇ ಇರಲಿಲ್ಲ. ರೈಲಿನಲ್ಲಿ ಹೋಗುವುದೆಂದು ಗೊತ್ತಾಗಿತ್ತು. ಮಾವ ಹುಟ್ಟಿದಂದಿನಿಂದ ವಿಮಾನ ಹತ್ತಿದವನಲ್ಲ. ಯೆಲ್ಕಾ ಎರಡು ಸಲ ಹತ್ತಿದ್ದಳು, ಎರಡು ಸಲವೂ ಇಳಿಯುವ ತನಕ ಕಣ್ಣು ಬಿಟ್ಟಿರಲಿಲ್ಲ. ಮಾವನನ್ನು ಕರೆದುಕೊಂಡು ಹೋಗಲೆಂದೇ ಅವಳು ಸಿಯಾಟಲ್‌ನಿಂದ ರೈಲಿನಲ್ಲಿ ಬಂದು, ಲಾಸ್ ಏಂಜಲಿಸ್‌ನ ಬಂದರಿನ ಮೇಲಿನ ಸಾನ್ ಪೆದ್ರೊದಲ್ಲಿ ಅವನ ಮನೆಯ ಹಿಂದಿನ ಕೋಣೆಯಲ್ಲಿ ಇಳಿದುಕೊಂಡಿದ್ದಳು. ಅಷ್ಟರಲ್ಲಿ ಮಳೆಗೆ ನೆನೆದ ಗುಡ್ಡವೊಂದು ಹಳಿಯ ಮೇಲೆ ಜರಿದು ಬಿತ್ತು. ರೈಲು ಯಾವಾಗ ಹೊರಟೀತೆಂದು ಹೇಳುವವರಿಲ್ಲ.

ಸುದ್ದಿ ಕೇಳಿ ವಿಂಕೊ ತಲೆ ಕೆಡಿಸಿಕೊಳ್ಳಲಿಲ್ಲ. ಅರವತ್ತು ದಾಟಿದರೂ ತೆಂಗಿನ ಬುಡದ ಹಾಗೆ ಗಟ್ಟಿ ಮನುಷ್ಯ. ದ್ವೀಪಗಳ ಹತ್ತಿರ ಮಸಿ ಕಾರುವ ಬೊಂಡಾಸ ಮೀನು ದಟ್ಟವಾಗಿ ಬಿದ್ದಿದೆಯಂತೆ, ಮೂರು ದಿನ ಸುಮ್ಮನೆ ಕೂತು ಮಾಡುವುದೇನು, ಒಂದು ಸುತ್ತು ಹೋಗಿ ಗುರುವಾರ ಮಧ್ಯಾಹ್ನದೊಳಗೆ ಬರುತ್ತೇನೆ ಎಂದ. ಆಮೇಲೆ ರಬ್ಬರಿನ ಬೂಟು ಏರಿಸುತ್ತ ಸೋದರ ಸೊಸೆಯ ಕಡೆ ತಿರುಗಿ, "ನೀನು ಓದಿದವಳು. ಎಂತ ಬುಕ್ ಮಾಡ್ಲಿಕ್ಕುಂಟೋ ಮಾಡು. ಹಾರುದಾದ್ರೆ ಹಾರುವ. ಅದೂ ಒಂದು ಬೋಟೇ ಅಲ್ವಾ, ನೀರಿಲ್ಲ ಅಷ್ಟೆ," ಎಂದು ನಕ್ಕು ಹೋದ.

ನಗು ಅವನಿಗೆ. ಯೆಲ್ಕಾಗೆ ಆವತ್ತಿನಿಂದ ಅನ್ನ ನೀರು ಸೇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದಿಟ್ಟುಕೊಂಡು ಕೂತಳೆಂದರೆ ಪೆರಿನಾ ಅತ್ತೆ ಬಂದು ದೀಪ ಹಾಕುವ ತನಕ ಕತ್ತಲಾದದ್ದೂ ತಿಳಿಯುತ್ತಿರಲಿಲ್ಲ. ಬೇರೆಯವರು ಟಿಕೆಟನ್ನು ಬೆಲೆ ನೋಡಿ ಆರಿಸುತ್ತಾರೆ. ಅವಳು ಹೆದರಿಕೆ ನೋಡಿ ಆರಿಸಿದಳು. ಈ ಊರಿನ ಸುತ್ತ ಇರುವ ವಿಮಾನ ನಿಲ್ದಾಣಗಳಲ್ಲಿ ಯಾವುದಕ್ಕೆ ಹೋಗುವ ದಾರಿಯಲ್ಲಿ ವಾಹನಗಳು ಕಟ್ಟಿಕೊಂಡು ನಿಲ್ಲುತ್ತವೆ, ಯಾವುದರಲ್ಲಿ ತಪಾಸಣೆಯ ಸಾಲು ಹೊರಗಿನ ತನಕ ಬೆಳೆಯುತ್ತದೆ, ಯಾವ ವಿಮಾನ ತಡವಾಗುವುದು ಹೆಚ್ಚು, ಎಲ್ಲವನ್ನೂ ಕೆದಕಿ ನೋಡಿದಳು. ಸಾನ್ ಫ್ರಾನ್ಸಿಸ್ಕೊ ಮೇಲಿಂದ ಹೋಗುವ ಟಿಕೆಟ್ ಬೇಡವೇ ಬೇಡವೆಂದು ಮೊದಲೇ ತೆಗೆದುಹಾಕಿದಳು. ಅಲ್ಲಿ ಬೆಳಗಿನ ಮಂಜು ಒಮ್ಮೆ ಕೂತಿತೆಂದರೆ ಸಾಲು ಸಾಲು ವಿಮಾನಗಳು ಹೋಗಲೂ ಆಗದೆ ಬರಲೂ ಆಗದೆ ನಿಲ್ಲುವುದನ್ನು ಈ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೇರ ವಿಮಾನವೇ ಆಗಬೇಕು.

ಗುರುವಾರ ಸಂಜೆಯ ನೇರ ವಿಮಾನದಲ್ಲಿ ಸೀಟುಗಳಿದ್ದವು. ಬೆರಳು ಅದರ ಮೇಲೆ ಹೋದದ್ದೂ ಹೌದು. ಆದರೆ ಎಂಜಿನ್ ಕೆಟ್ಟರೆ? ಬಲೆ ಹರಿದರೆ? ಗಾಳಿ ಎದುರಾಗಿ ಬೋಟು ಸಂಜೆಗೂ ಬಾರದಿದ್ದರೆ? ಕಡಲಿನಿಂದ ಬರುವವನಿಗೆ ಒಂದು ರಾತ್ರಿಯಾದರೂ ಅವಕಾಶ ಬಿಡಬೇಕು. ಶುಕ್ರವಾರ ನಸುಕಿನ ನೇರ ವಿಮಾನ ಹಿಡಿದರೆ ಹೊತ್ತೇರುವಷ್ಟರಲ್ಲಿ ಸಿಯಾಟಲ್, ಸಂಜೆಯ ತನಕ ದಂಡಿಯಾಗಿ ಸಮಯ. ಅದನ್ನೇ ಹಿಡಿದಳು, ರೆಕ್ಕೆಯ ಹತ್ತಿರದ ಎರಡು ಸೀಟು. ಅಲ್ಲಿ ಅಲುಗಾಟ ಕಡಿಮೆಯೆಂದು ಎಲ್ಲೋ ಓದಿದ್ದಳು. ಬುಕ್ ಆಯಿತೆಂಬ ಸಾಲು ಪರದೆಯ ಮೇಲೆ ಬಂದಾಗ ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು. ಒಂದು ಬಾಗಿಲನ್ನೂ ಬಿಡದೆ ಎಲ್ಲ ಕಡೆ ಅಗುಳಿ ಹಾಕಿದ್ದೇನೆ ಅನ್ನಿಸಿತು. ಯಾರಿಗೂ ವಿವರ ಹೇಳುವ ಅಭ್ಯಾಸ ಅವಳಿಗಿಲ್ಲ. ಅತ್ತೆ ಕೇಳಿದಾಗ, ಮಾವ ಬಂದ ಮೇಲೆ ಹೊರಡುವುದು ಎಂದಷ್ಟೇ ಹೇಳಿದಳು.

ಗುರುವಾರ ಬೆಳಿಗ್ಗೆ ನರ್ಸ್ ಫೋನ್ ಮಾಡಿ, ಮದ್ದು ಶುರುವಾಗಿದೆ, ದೊಬ್ರಿಲಾ ಮಲಗಿದ್ದಾಳೆ ಎಂದಳು. ಯೆಲ್ಕಾ ಫೋನಿಟ್ಟು ಬಂದು, ಬಟ್ಟೆ ಜೋಡಿಸಬೇಕು ಅತ್ತೆ, ನಾಳೆ ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು ಎಂದಳು.

ಪೆರಿನಾ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಅವಳ ಕೈ ಹಿಟ್ಟಿನೊಳಗೇ ನಿಂತಿತು.

"ನಾಳೆಯಾ? ನಾಳೆ ಶುಕ್ರವಾರ."

ಹೌದು ಅತ್ತೆ ಎಂದಳು ಯೆಲ್ಕಾ.

"ಇವತ್ತೇ ಹೊರಡುದು ಅಂತ ನಾನು ತಿಳ್ಕೊಂಡಿದ್ದೆ, ಮಾರಾಯ್ತಿ. ಅವರು ಬಂದವರೇ ಮಿಂದು ಹೊರಡುದು ಅಂತ." ಪೆರಿನಾ ಕೈ ತೊಳೆಯದೆ ಹಾಗೇ ಕುರ್ಚಿಯಲ್ಲಿ ಕೂತಳು. "ನಿನ್ನ ಅಮ್ಮ ನಿನಗೆ ಎಂತದೂ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಅಪ್ಪ ಯೂರೆ ಕಡಲಿಗೆ ಹೋದವನು ತಿರುಗಿ ಬಾರದಾಗ ಯೆಲ್ಕಾಗೆ ಆರು ವರ್ಷ. ಅದಾದ ಮೇಲೆ ದೊಬ್ರಿಲಾ ಮಗಳನ್ನು ಎತ್ತಿಕೊಂಡು ಸಿಯಾಟಲ್‌ಗೆ ಹೋಗಿ, ನೀರಿನ ಒಂದು ಗೆರೆಯೂ ಕಾಣದ ಬೀದಿಯಲ್ಲಿ ಮನೆ ಹಿಡಿದಳು. ಆ ಮನೆಯೊಳಗೆ ಅಪ್ಪನ ಮಾತು ಎದ್ದದ್ದಿಲ್ಲ, ಮೀನು ಬೆಂದದ್ದೂ ಇಲ್ಲ. ಇಲ್ಲಿನ ಬೆಸ್ತರ ಮನೆಯ ಮಕ್ಕಳಿಗೆ ತೊಟ್ಟಿಲಿನಲ್ಲೇ ಗೊತ್ತಾಗುವ ಸಂಗತಿಯನ್ನು ಇಪ್ಪತ್ತನಾಲ್ಕರ ಹುಡುಗಿಗೆ ಪೆರಿನಾ ಈಗ ಹೇಳಬೇಕಾಯಿತು.

ಕಡಲಿನಾಚೆಯ ವಿಸ್ ದ್ವೀಪದಿಂದ ಅಜ್ಜಂದಿರು ತಂದ ಕಟ್ಟಳೆ ಅದು. ಶುಕ್ರವಾರ ಯಾರೂ ಪ್ರಯಾಣ ಶುರು ಮಾಡುವುದಿಲ್ಲ. ದಡಕ್ಕೆ ಕಟ್ಟಿದ ಹಗ್ಗವನ್ನು ಆ ದಿನ ಬಿಚ್ಚುವುದಿಲ್ಲ. ಶುಕ್ರವಾರವೇ ಮೀನಿನ ಹಿಂಡು ಎದ್ದಿತೆನ್ನಿ, ಹೋಗಲೇಬೇಕಾದವರು ಗುರುವಾರ ಸಂಜೆಯೇ ಹಗ್ಗ ಬಿಚ್ಚಿ, ಬಂದರಿನ ತಡೆಗೋಡೆ ದಾಟಿ, ದೀಪದ ಕಂಬದ ಹೊರಗೆ ಲಂಗರು ಹಾಕಿ, ಅಲ್ಲೇ ಉಂಡು ಮಲಗಿ ಬೆಳಿಗ್ಗೆ ಮುಂದೆ ಹೋಗುತ್ತಿದ್ದರು. ಹಾಗೆ ಮಾಡಿದರೆ ಪ್ರಯಾಣ ಗುರುವಾರದ್ದೇ ಆಯಿತು. ಯೆಲ್ಕಾಗೆ ಆರಾದ ವರ್ಷದ ಅಕ್ಟೋಬರಿನಲ್ಲಿ ಗುರುವಾರ ಸಂಜೆ ಯಾರದೋ ಮದುವೆಯ ಊಟ. ಉಂಡು ತಿಂದು ತಡವಾಯಿತು, ಬೆಳಿಗ್ಗೆಯೇ ಹೋದರಾಯಿತು ಎಂದ ಯೂರೆ. ವಿಂಕೊ ಬೇಡವೆಂದ, ಮತ್ತೆ ಹೂಂ ಎಂದ; ಇಬ್ಬರೂ ಶುಕ್ರವಾರ ಹಗ್ಗ ಬಿಚ್ಚಿದರು. ಯೂರೆಯನ್ನು ತೆರೆ ಎಳೆದುಕೊಂಡು ಹೋದದ್ದು ಆ ಸುತ್ತಿನಲ್ಲೇ. ಅಂದಿನಿಂದ ವಿಂಕೊ ಶುಕ್ರವಾರ ತನ್ನ ಟ್ರಕ್ಕನ್ನು ಕೂಡ ಊರಿನ ಆಚೆಗೆ ಓಡಿಸಿದವನಲ್ಲ.

"ಇದು ನಗುವ ಮಾತಲ್ಲ ಮಗಾ, ಅವರಿಗೆ," ಎಂದಳು ಪೆರಿನಾ.

ಯೆಲ್ಕಾ ನಗುವ ಸ್ಥಿತಿಯಲ್ಲಿ ಇರಲಿಲ್ಲ. ತಾನು ಅಷ್ಟು ಲೆಕ್ಕ ಹಾಕಿ, ಎಲ್ಲ ಭಯಗಳನ್ನು ಒಂದೊಂದಾಗಿ ಬಾಗಿಲಾಚೆಗೆ ನೂಕಿ, ಅಪ್ಪನನ್ನು ತಿಂದ ದಿನವನ್ನೇ ಆರಿಸಿ ತಂದು ಮನೆಯೊಳಗೆ ಇಟ್ಟಿದ್ದಳು. ಇಷ್ಟು ದಿನ ಎಲ್ಲ ದಿನಗಳ ಹಾಗಿದ್ದ ಶುಕ್ರವಾರಕ್ಕೆ ಈಗ ಮುಖವೊಂದು ಮೂಡಿದ ಹಾಗಾಯಿತು. ಕಂಪ್ಯೂಟರ್ ತೆರೆದು ಗುರುವಾರದ ವಿಮಾನಗಳನ್ನು ಹುಡುಕಿದಳು. ಎರಡು ದಿನದ ಹಿಂದೆ ಖಾಲಿಯಿದ್ದ ಸೀಟುಗಳು ಒಂದೂ ಉಳಿದಿರಲಿಲ್ಲ. ಬುಧವಾರ ಉತ್ತರದಲ್ಲಿ ಬಿರುಗಾಳಿಯೆದ್ದು ಅನೇಕ ವಿಮಾನಗಳು ರದ್ದಾಗಿದ್ದವು; ಸಿಕ್ಕಿಬಿದ್ದವರೆಲ್ಲ ಗುರುವಾರದ ಸೀಟುಗಳಿಗೆ ಮುಗಿಬಿದ್ದಿದ್ದರು. ಈ ಊರಿನ ಐದೂ ನಿಲ್ದಾಣಗಳಲ್ಲಿ ನೋಡಿದಳು. ಸಿಯಾಟಲ್‌ಗೆ ನೇರ ಸೀಟಿಲ್ಲ.

ಮಧ್ಯಾಹ್ನ ಹೇಳಿದ ಹೊತ್ತಿಗೆ ವಿಂಕೊ ಬಂದ. ಎಂಜಿನ್ ಕೆಟ್ಟಿರಲಿಲ್ಲ, ಬಲೆ ಹರಿದಿರಲಿಲ್ಲ. ಮೈಯೆಲ್ಲ ಬೊಂಡಾಸದ ಕಪ್ಪು ಮಸಿ, ಬಾಯ್ತುಂಬ ಹಾಡು. ಅವನು ಮಿಂದು ಬಂದು ಊಟಕ್ಕೆ ಕೂತಾಗ, ದಿನವನ್ನು ಮುಚ್ಚಿಟ್ಟುಬಿಡಲೇ ಎಂದು ಯೆಲ್ಕಾಗೆ ಒಂದು ಗಳಿಗೆ ಅನ್ನಿಸಿತು. ಬೊಂಡಾಸ ಹಿಡಿಯುವವರು ಹಗಲು ಮಲಗಿ ರಾತ್ರಿ ಎಚ್ಚರವಿರುವವರು, ವಾರದ ಲೆಕ್ಕ ತಪ್ಪಿದರೂ ತಪ್ಪೀತು. ಆದರೆ ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕು. ಅವಳು ತಟ್ಟೆಯನ್ನೇ ನೋಡುತ್ತ ಹೇಳಿಬಿಟ್ಟಳು.

ವಿಂಕೊ ಬೈಯಲಿಲ್ಲ. ಬಾಯಿಗೆ ಹೋಗುತ್ತಿದ್ದ ರೊಟ್ಟಿಯ ತುಂಡನ್ನು ತಟ್ಟೆಯ ಅಂಚಿಗೆ ಇಟ್ಟು, ಎದ್ದು ಹಿತ್ತಿಲಿಗೆ ಹೋದ. ಕಿಟಕಿಯಿಂದ ಕಾಣುತ್ತಿತ್ತು: ಹರಿಯದ ಬಲೆಯನ್ನು ಮೊಣಕಾಲ ಮೇಲೆ ಹಾಕಿಕೊಂಡು ಹೊಲಿಯುವ ಕಡ್ಡಿ ಹಿಡಿದು ಕೂತಿದ್ದ.

ಯೆಲ್ಕಾ ಆಸ್ಪತ್ರೆಗೆ ಫೋನ್ ಮಾಡಿ, ಒಂದು ದಿನ ತಡವಾದರೆ ಏನಾದೀತು ಎಂದು ಕೇಳಿದಳು. ಎರಡೂ ಮದ್ದುಗಳ ಲೆಕ್ಕ ಒಂದಕ್ಕೊಂದು ಹೆಣೆದುಕೊಂಡಿದೆ, ತಡವಾದಷ್ಟು ದಿನ ನಿಮ್ಮ ತಾಯಿ ತನ್ನದೆಂಬ ರಕ್ತವಿಲ್ಲದೆ ಇರಬೇಕಾಗುತ್ತದೆ, ಸಣ್ಣ ನೆಗಡಿಯೂ ಅವರನ್ನು ಕೊಂಡುಹೋದೀತು ಎಂದಳು ನರ್ಸ್. ಆಮೇಲೆ, ಯಾಕೆ, ಏನಾದರೂ ತೊಂದರೆಯಾಯಿತೇ ಎಂದು ಕೇಳಿದಳು. ಯೆಲ್ಕಾ ಇಲ್ಲವೆಂದು ಫೋನಿಟ್ಟಳು.

ಹಿತ್ತಿಲಿಗೆ ಹೋಗಿ ಮಾವನೆದುರು ನಿಂತಳು. ಅವನು ತಲೆಯೆತ್ತಿದ.

"ನಾನು ಹೆದರಿ ಹೇಳುದು ಅಂತ ಎಣಿಸ್ಬೇಡ. ನನ್ನ ಜೀವ ಹೋದ್ರೆ ಹೋಗ್ಲಿ, ಸಾಕಷ್ಟು ಉಂಡಿದ್ದೇನೆ."

"ಮತ್ತೆ?"

"ಈಗ ನನ್ನೊಳಗೆ ಇರುದು ನನ್ನ ಜೀವ ಅಲ್ವಲ್ಲ. ನಿನ್ನ ಅಮ್ಮಂದು." ಅವನು ಕಡ್ಡಿಯನ್ನು ಬಲೆಯೊಳಗೆ ತೂರಿಸಿ ಅಲ್ಲೇ ಬಿಟ್ಟ. "ಒಮ್ಮೆ ಶುಕ್ರವಾರ ಹಗ್ಗ ಬಿಚ್ಚಿ ಅವಳ ಗಂಡನನ್ನು ತಗೊಂಡು ಹೋದೆ. ಈಗ ಅವಳನ್ನೇ ತಗೊಂಡು ಹೋಗ್ಲಿಕ್ಕಾ?"

ಯೆಲ್ಕಾಗೆ ಸಿಟ್ಟು ಬರಬೇಕಿತ್ತು. ಬಂದಿದ್ದರೆ ಸುಲಭವಾಗುತ್ತಿತ್ತು. ಬಂದದ್ದು ಭಯ, ಅದೂ ಅವನದೇ ಭಯ. ಗಾಳಿಯಲ್ಲಿ ಬಿರಿಯುವ ರೆಕ್ಕೆ, ಕೆಳಗೆ ಕರಿನೀರು, ಮಾವನ ಎಲುಬಿನೊಳಗೆ ಕೂತ ಅಮ್ಮ, ಎಲ್ಲ ಕಣ್ಣ ಮುಂದೆ ಬಂದವು. ನೀವು ಬಾರದಿದ್ದರೂ ಅವಳು ಸಾಯುತ್ತಾಳೆ ಎಂದು ಹೇಳಲು ಬಂದವಳು ಹಾಗೆ ಹೇಳಲಾರದೆ, ಬಲೆಯ ಒಂದು ಅಂಚನ್ನು ಕೈಯಲ್ಲಿ ಹಿಡಿದು ಅವನ ಪಕ್ಕದಲ್ಲೇ ಕುಕ್ಕರಿಸಿದಳು.

ಹಿಂದಿನ ಬಾಗಿಲಲ್ಲಿ ನಿಂತಿದ್ದ ಪೆರಿನಾ ಇದೆಲ್ಲ ಕೇಳಿಸಿಕೊಂಡಳು. ಸೆರಗಿಲ್ಲದ ನಾಡಿನ ಹೆಂಗಸು, ಅಡುಗೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

"ಇಬ್ರೂ ಹೆಣ ಕಾಯುವವರ ಹಾಗೆ ಕೂತದ್ದು ಸಾಕು," ಎಂದಳು. "ಗುರುವಾರ ಮುಗಿದಿದೆಯಾ ಈಗ? ಹೊರಗೆ ಬಿಸಿಲುಂಟು. ಇವಳ ಅಜ್ಜ ಇದ್ದಿದ್ರೆ ಎಂತ ಮಾಡ್ತಿದ್ರು? ಹಗ್ಗ ಬಿಚ್ಚಿ ದೀಪದ ಕಂಬದ ಹೊರಗೆ ಹೋಗಿ ಕೂತ್ಕೊಳ್ತಿದ್ರು."

"ವಿಮಾನಕ್ಕೆ ಎಲ್ಲಿಯ ದೀಪದ ಕಂಬ, ಎಲ್ಲಿಯ ಲಂಗರು," ಎಂದ ವಿಂಕೊ. "ನೀನೊಬ್ಬಳು."

ಯೆಲ್ಕಾ ಮಾತ್ರ ಬಲೆಯ ಅಂಚು ಬಿಟ್ಟು ನೆಟ್ಟಗೆ ಕೂತಳು. ಮೂರು ದಿನ ಕಣ್ಣು ಸವೆಯುವಷ್ಟು ನೋಡಿದ ಪರದೆ ಅವಳ ತಲೆಯೊಳಗೆ ಹಾಗೇ ತೆರೆದುಕೊಂಡಿತು. ಮೊದಲೇ ತೆಗೆದುಹಾಕಿದ್ದ ಸಾಲುಗಳು. ಗುರುವಾರ ಸಂಜೆ ಹೊರಟು, ರಾತ್ರಿ ನಡುವೆ ತಂಗಿ, ಬೆಳಿಗ್ಗೆ ಮುಂದೆ ಹೋಗುವ ಟಿಕೆಟುಗಳು. ಲಂಗರು ಹಾಕಲು ಏನೇನು ಬೇಕು ಮಾವ, ಎಂದು ಕೇಳಿದಳು. ಅಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು.

ವಿಂಕೊ ಅವಳ ಮುಖವನ್ನೇ ನೋಡಿದ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ನಿಧಾನವಾಗಿ ಹೇಳಿದ. ಬೋಟು ಗುರುವಾರವೇ ತನ್ನ ದಡ ಬಿಟ್ಟಿರಬೇಕು. ಮತ್ತೆ ಅದೇ ದಡಕ್ಕೆ ಬಂದು ಕಟ್ಟಬಾರದು. ಹತ್ತಿದವರು ನಡುವೆ ನೆಲಕ್ಕೆ ಕಾಲಿಡಬಾರದು. ಕೊನೆಯದಾಗಿ, ಇಡೀ ಪ್ರಯಾಣ ಒಂದೇ ಆಗಿರಬೇಕು. ಗುರುವಾರ ಒಂದು ಕಡೆಗೆ, ಶುಕ್ರವಾರ ಇನ್ನೊಂದು ಕಡೆಗೆ ಎಂದು ಎರಡು ಮಾಡಿದರೆ ಎರಡನೆಯದು ಶುಕ್ರವಾರದ್ದೇ ಆಗುತ್ತದೆ. ಕಡಲಿನವರನ್ನು ಕಾಯುವ ಸಂತ ನಿಕೊಲಾನಿಗೆ ಮೋಸ ಮಾಡಲಿಕ್ಕಾಗುವುದಿಲ್ಲ.

"ಒಂದೇ ಟಿಕೆಟ್," ಎಂದಳು ಯೆಲ್ಕಾ.

"ಒಂದೇ ಟಿಕೆಟ್," ಎಂದ ಅವನು.

ಅಂಥ ಟಿಕೆಟ್ ಇತ್ತು. ಒಂದೇ ಒಂದು. ಸಂಜೆ ಲಾಸ್ ಏಂಜಲಿಸ್‌ನಿಂದ ಹೊರಟು, ರಾತ್ರಿ ತಂಗಿ, ಬೆಳಿಗ್ಗೆ ಮುಂದೆ ಸಿಯಾಟಲ್‌ಗೆ. ತಂಗುವ ಊರು ಸಾನ್ ಫ್ರಾನ್ಸಿಸ್ಕೊ. ನಾಳೆಯ ಹವೆ ನೋಡಿದಳು: ಬೆಳಿಗ್ಗೆ ದಟ್ಟ ಮಂಜು.

ಯೆಲ್ಕಾ ಮೇಜಿನ ಮುಂದೆ ಕೂತು ಎರಡೂ ಅಂಗೈಗಳನ್ನು ಒರೆಸಿಕೊಂಡಳು. ನೇರ ವಿಮಾನದ ಎರಡು ಸೀಟು ಕೈಯಲ್ಲಿವೆ, ಬಿಸಿಲಿನಷ್ಟು ಖಚಿತ. ಆದರೆ ಅದರಲ್ಲಿ ಮಾವ ಕೂರುವುದಿಲ್ಲ. ಇದರಲ್ಲಿ ಕೂರುತ್ತಾನೆ, ಆದರೆ ಮಂಜು ಸರಿಯದಿದ್ದರೆ ಸಂಜೆಯೊಳಗೆ ಮುಟ್ಟುವುದಿಲ್ಲ. ಒಂದು ಹೆದರಿಕೆ ಅವನದು, ಒಂದು ತನ್ನದು. ಎರಡರಲ್ಲಿ ಒಂದನ್ನು ಹೊತ್ತುಕೊಂಡೇ ಹೋಗಬೇಕು. ತನ್ನದನ್ನು ಹೊರುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸವಿತ್ತು.

ಹಳೆಯ ಟಿಕೆಟನ್ನು ಬಿಟ್ಟುಕೊಡುತ್ತೀರಾ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದಳು. ನೇರ ವಿಮಾನದ ಸಾಲು ಅಳಿಸಿಹೋಯಿತು. ಹೊಸ ಸಾಲು ಬರಬೇಕಾದ ಜಾಗದಲ್ಲಿ ಪುಟ್ಟದೊಂದು ಬಳೆ ತಿರುಗತೊಡಗಿತು. ತಿರುಗಿತು. ತಿರುಗುತ್ತಲೇ ಇತ್ತು. ಹಳೆಯದು ಹೋಗಿತ್ತು, ಹೊಸದು ಬಂದಿರಲಿಲ್ಲ. ಅಮ್ಮನ ಎಲುಬಿನೊಳಗೂ ಈಗ ಇದೇ ನಡೆಯುತ್ತಿರಬೇಕು ಎಂದು ಅವಳಿಗೆ ಹೊಳೆಯಿತು. ಬೆನ್ನ ಹಿಂದೆ ಪೆರಿನಾ ಪಿಸುಪಿಸು ಪ್ರಾರ್ಥನೆ ಶುರು ಮಾಡಿದ್ದಳು. ವಿಂಕೊ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಇದು ಎಂತ, ಸುಳಿಯಾ?" ಎಂದ. ಯಾರೂ ನಗಲಿಲ್ಲ. ಕೊನೆಗೆ ಬಳೆ ನಿಂತು ಇಬ್ಬರ ಹೆಸರೂ ಮೂಡಿದವು, ಮೇಲೊಂದು ಕೆಳಗೊಂದು ಪ್ರಯಾಣ, ಎರಡನ್ನೂ ಸೇರಿಸಿ ಒಂದೇ ಗುರುತು ಸಂಖ್ಯೆ. ವಿಂಕೊ ಆ ಸಂಖ್ಯೆಯನ್ನು ಬೆರಳಿಟ್ಟು ಎರಡು ಸಲ ಓದಿದ.

"ಒಂದೇ ಉಂಟು," ಎಂದ. "ನನ್ನ ಕೋಟು ಎಲ್ಲಿ?"

ಪೆರಿನಾ ರೊಟ್ಟಿ ಮತ್ತು ಉಪ್ಪಿನಲ್ಲಿಟ್ಟ ಬೂತಾಯಿ ಮೀನು ಕಟ್ಟಿಕೊಟ್ಟಳು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರ ಎದುರು ವಿಂಕೊನ ಸೊಂಟದಿಂದ ಬಲೆ ಕುಯ್ಯುವ ಚೂರಿ ಹೊರಬಿತ್ತು. ನಲವತ್ತು ವರ್ಷದಿಂದ ಅದು ಅಲ್ಲಿರುವುದನ್ನು ಅವನೇ ಮರೆತಿದ್ದನಂತೆ. ಅವರು ಅವನನ್ನು ಬದಿಗೆ ನಿಲ್ಲಿಸಿ ಕೇಳಿದ್ದನ್ನೇ ಕೇಳಿದರು. ಯೆಲ್ಕಾ ಗಡಿಯಾರ ನೋಡಿದಳು. ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಅಲ್ಲೇ ಗೋಡೆಗೊರಗಿ ಕಾದು ಕೂರುತ್ತಿದ್ದಳು. ಇವತ್ತು ಹೋಗಿ, ಚೂರಿ ಇಟ್ಟುಕೊಳ್ಳಿ, ಮಾವನನ್ನು ಬಿಡಿ, ನನ್ನಮ್ಮ ಕಾಯುತ್ತಿದ್ದಾಳೆ ಎಂದು ಸಮವಸ್ತ್ರದವನ ಮುಖ ನೋಡಿಯೇ ಹೇಳಿದಳು. ಅವನು ಬಿಟ್ಟ. ಚೂರಿ ಹೋದ ದುಃಖ ವಿಂಕೊಗೆ ಸೀಟಿನ ತನಕ ಇತ್ತು.

ಬಾಗಿಲು ಮುಚ್ಚಿತು. ವಿಮಾನ ದಡ ಬಿಡುವ ಬೋಟಿನ ಹಾಗೆಯೇ ಮೆಲ್ಲಗೆ ಹಿಂದಕ್ಕೆ ಸರಿದು, ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಸಾನ್ ಫ್ರಾನ್ಸಿಸ್ಕೊದಲ್ಲಿ ಈಗಲೇ ಮಂಜು ಇಳಿಯುತ್ತಿದೆ, ಸರದಿ ಬರುವ ತನಕ ಇಲ್ಲೇ ಕಾಯಬೇಕು ಎಂದು ಪೈಲಟ್ ಹೇಳಿದ. ಒಳಗಿದ್ದವರೆಲ್ಲ ಒಟ್ಟಿಗೆ ಉಸಿರುಗರೆದರು. ಕಾದು ಕಾದು ವಿಮಾನವನ್ನು ತಿರುಗಿ ಅದೇ ಬಾಗಿಲಿಗೆ ತಂದು ನಿಲ್ಲಿಸುವುದುಂಟೆಂದು ಯೆಲ್ಕಾ ಓದಿದ್ದಳು. ಆಗ ಅದೇ ದಡಕ್ಕೆ ಮತ್ತೆ ಕಟ್ಟಿದಂತೆ. ಆಮೇಲೆ ಇವನನ್ನು ಯಾರು ಹತ್ತಿಸುತ್ತಾರೆ? ಕಳ್ಳನಂತೆ ಮಾವನ ಕಡೆ ನೋಡಿದಳು.

ಇಡೀ ವಿಮಾನದಲ್ಲಿ ಸಮಾಧಾನವಾಗಿದ್ದವನು ಅವನೊಬ್ಬನೇ. ಕಿಟಕಿಯಾಚೆ ದೂರದಲ್ಲಿ ಮಿಣುಗುವ ನೀಲಿ ದೀಪಗಳನ್ನು ನೋಡುತ್ತ, ರೊಟ್ಟಿಯ ಪೊಟ್ಟಣ ಬಿಚ್ಚಿ ಮಡಿಲಲ್ಲಿ ಹರಡಿಕೊಂಡಿದ್ದ.

"ದಡ ಬಿಟ್ಟಾಯ್ತು," ಎಂದ ಬೂತಾಯಿಯ ಮುಳ್ಳು ತೆಗೆಯುತ್ತ. "ಇದೇ ಲಂಗರು. ತಿನ್ನು ಮಗಾ, ಇನ್ನು ಹೆದರ್ಲಿಕ್ಕಿಲ್ಲ."

ಪಕ್ಕದ ಸಾಲಿನವಳು ವಾಸನೆಗೆ ಮೂಗು ಮುಚ್ಚಿಕೊಂಡಳು. ವಿಂಕೊ ಅವಳಿಗೂ ಒಂದು ತುಂಡು ಚಾಚಿದ. ಬಹಳ ಹೊತ್ತಿನ ಮೇಲೆ ವಿಮಾನ ಕದಲಿತು, ಹಿಂದಕ್ಕಲ್ಲ, ಮುಂದಕ್ಕೆ. ಅದು ಮೇಲೇರುವಾಗ ಯೆಲ್ಕಾ ಕಣ್ಣು ಮುಚ್ಚಿದಳು. ಅವಳ ಕೈಯನ್ನು ಯಾರೋ ಹಿಡಿದರು. ಹಿಡಿದವನ ಅಂಗೈ ಬೆವರಿ ನೀರು ನೀರಾಗಿತ್ತು.

ಸಾನ್ ಫ್ರಾನ್ಸಿಸ್ಕೊದ ನಿಲ್ದಾಣದೊಳಗೆ ಅವರಿಬ್ಬರೂ ಬೆಂಚಿನ ಮೇಲೆ ಬೆಳಗು ಮಾಡಿದರು. ಗಾಜಿನೊಳಗೆ ಇರುವುದೆಲ್ಲ ಬೋಟು, ಹೊರಗಿರುವುದೆಲ್ಲ ನೆಲ ಎಂದು ವಿಂಕೊ ತೀರ್ಪು ಕೊಟ್ಟಿದ್ದ. ಗಾಳಿಗೆ ಹೊರಗೆ ಹೋಗಬೇಕೆಂದು ಒಂದೆರಡು ಸಲ ಎದ್ದು, ಬಾಗಿಲಿನ ತನಕ ನಡೆದು, ಹೊಸ್ತಿಲು ನೋಡಿ ವಾಪಸು ಬಂದ. ಬೆಳಕು ಹರಿಯಿತು ಅನ್ನುವಂತಿರಲಿಲ್ಲ. ಗಾಜಿನಾಚೆಯ ಕಪ್ಪು ಬಿಳಿಯಾಯಿತು, ಅಷ್ಟೆ. ವಿಮಾನವಿಲ್ಲ, ಓಡುವ ಗಾಡಿಗಳಿಲ್ಲ, ಕಡಲೂ ಇಲ್ಲ. ವಿಮಾನಗಳ ಹೊತ್ತು ತೋರಿಸುವ ಹಲಗೆಯ ಮೇಲೆ ಸಿಯಾಟಲ್‌ನ ಎದುರು ತಡ ಎಂದು ಬಂತು. ಸ್ವಲ್ಪ ಹೊತ್ತಿಗೆ ಇನ್ನೂ ತಡ ಎಂದು ಬಂತು. ಇನ್ನೊಂದು ಊರಿನ ಎದುರು ರದ್ದು ಎಂದಾಯಿತು. ಆ ಶಬ್ದ ಒಂದೊಂದೇ ಸಾಲು ಕೆಳಗಿಳಿಯುತ್ತ ತಮ್ಮ ಕಡೆಗೇ ಬರುತ್ತಿದೆಯೇನೋ ಎನ್ನಿಸಿ ಯೆಲ್ಕಾಗೆ ಹಲಗೆಯಿಂದ ಕಣ್ಣು ತೆಗೆಯಲಾಗಲಿಲ್ಲ. ನೇರ ವಿಮಾನ ಈ ಹೊತ್ತಿಗೆ ಸಿಯಾಟಲ್‌ನಲ್ಲಿ ಇಳಿದಿರುತ್ತಿತ್ತು. ನಾನೇ ಒತ್ತಿದೆ, ನನ್ನ ಬೆರಳಿನಿಂದಲೇ, ಎಂದುಕೊಂಡಳು.

ಫೋನು ಗುಣುಗುಟ್ಟಿತು. ಅಮ್ಮ. ಮದ್ದಿನಿಂದ ಒಣಗಿದ ದನಿ, ಬಾವಿಯ ತಳದಿಂದ ಬಂದ ಹಾಗಿತ್ತು.

"ಎಲ್ಲಿದ್ದೀಯೇ?"

ಸಾನ್ ಫ್ರಾನ್ಸಿಸ್ಕೊದಲ್ಲಿ, ಮಂಜು ಕೂತಿದೆ, ಬರುತ್ತೇವೆ ಅಮ್ಮ, ಎಂದಳು ಯೆಲ್ಕಾ. ಸಿಯಾಟಲ್‌ಗೆ ನೇರ ವಿಮಾನ ಇರುವಾಗ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿಯಾಳು, ಏನು ಹೇಳಲಿ ಎಂದು ಅವಳು ಉತ್ತರ ಹುಡುಕಿದಳು. ಅಮ್ಮ ಅದನ್ನು ಕೇಳಲಿಲ್ಲ.

"ಮನೆಯಿಂದ ಯಾವತ್ತು ಹೊರಟಿರಿ?"

"ನಿನ್ನೆ. ಗುರುವಾರ."

ಉಸಿರು ಬಿಟ್ಟದ್ದು ಕೇಳಿಸಿತು. ಹದಿನೆಂಟು ವರ್ಷ ಆ ಹೆಂಗಸು ಆ ದಿನದ ಹೆಸರೆತ್ತದೆ ಬದುಕಿದ್ದಳು. ಮಗಳು ಅದನ್ನು ಅರಿಯದೆ ಬೆಳೆಯಲಿ ಎಂದೇ ಇರಬೇಕು. ಮೂಗಿಗೆ ನಳಿಕೆ, ಕೈಗೆ ಸೂಜಿ ಚುಚ್ಚಿಕೊಂಡು ಮಲಗಿ ರಾತ್ರಿಯಿಡೀ ಅದೊಂದನ್ನೇ ಕೇಳಲು ಕಾದಿದ್ದಳೆಂದು ಯೆಲ್ಕಾಗೆ ಈಗ ತಿಳಿಯಿತು.

"ನಡುವೆ ನೆಲಕ್ಕೆ ಇಳಿದಿಲ್ಲವಷ್ಟೆ?"

"ಇಲ್ಲ ಅಮ್ಮ. ಗಾಜಿನೊಳಗೇ ಇದ್ದೇವೆ."

"ಅವನನ್ನು ಬಾಗಿಲಾಚೆ ಬಿಡಬೇಡ," ಎಂದಳು ದೊಬ್ರಿಲಾ. "ಗಾಳಿ ಬೇಕು ಅಂತಾನೆ. ಬಿಡಬೇಡ."

ಯೆಲ್ಕಾ ತಿರುಗಿ ನೋಡಿದಳು. ವಿಂಕೊ ಕಿಟಕಿಯ ಹತ್ತಿರ, ಗಾಜಿಗೆ ಹಣೆಯಿಟ್ಟು, ಕಡಲಿನವನಂತೆ ಕಣ್ಣು ಕಿರಿದು ಮಾಡಿ ಬಿಳಿಯೊಳಗೆ ಹುಡುಕುತ್ತಿದ್ದ. ಅವಳು ಹೋಗಿ ಅವನ ಕೋಟಿನ ತೋಳು ಹಿಡಿದು ನಿಂತಳು. ಬಿಳಿಯೊಳಗೆ ಮೊದಲು ಏನೂ ಇರಲಿಲ್ಲ. ಆಮೇಲೆ ಮೇಲೆಲ್ಲೋ, ನೆಲಕ್ಕೆ ಸಂಬಂಧವೇ ಇಲ್ಲದಂತೆ, ವಿಮಾನದ ಬಾಲದ ತುದಿಯೊಂದು ತೇಲಿತು.

"ಕಂಡಿತಾ?" ಎಂದ ವಿಂಕೊ.

ಕಂಡಿತು ಎಂದಳು. ಬಾಲದ ಕೆಳಗೆ ಬೆನ್ನು, ಬೆನ್ನಿನ ಕೆಳಗೆ ಕಿಟಕಿಗಳ ಸಾಲು ಒಂದೊಂದಾಗಿ ಮೂಡಿಬಂದವು. ಸಿಯಾಟಲ್‌ಗೆ ಹೋಗುವವರು ಬಾಗಿಲಿಗೆ ಬರಬೇಕೆಂದು ಹೆಂಗಸಿನ ದನಿಯೊಂದು ಕರೆಯಿತು. ಸಂಜೆಗೆ ಇನ್ನೂ ಹೊತ್ತಿತ್ತು. ಯೆಲ್ಕಾ ಮಾವನ ತೋಳು ಬಿಡದೆ, ಎದುರಿಗೆ ನಿಂತವರಿಗೆ, ಸ್ವಲ್ಪ ಸರಿಯಿರಿ ಎಂದಳು.